ಮೈಸೂರಿನ ಕವಾಯತು ಸೈನ್ಯ ಮತ್ತು ಹೊನ್ನಾಳಿ–ಚನ್ನಗಿರಿ ಸೀಮೆ

ಹೊರನಾಡಿನ ಅಧಿಕಾರಿಗಳಿಂದ ಕವಾಯತು ಕಲಿತ ಸೈನ್ಯ, ಆ ಅಧಿಕಾರಿಗಳು ಹಿಂದೆ ಸರಿದ ದಿನ ತನ್ನ ಬಲದಿಂದಲೇ ಕಾದಬಲ್ಲುದೇ ಎಂಬ ಪ್ರಶ್ನೆಯನ್ನು ಮೈಸೂರು ರಾಜ್ಯ ಮುಕ್ಕಾಲು ಶತಮಾನದ ಅವಧಿಯಲ್ಲಿ ಎರಡು ಸಲ ಎದುರಿಸಿತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಗುರುಗಳು ಫ್ರೆಂಚರು. 1799ರ ನಂತರ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಆ ಜಾಗಕ್ಕೆ ಈಸ್ಟ್ ಇಂಡಿಯಾ ಕಂಪನಿ ಬಂತು. ಮೊದಲ ಸೈನ್ಯ ಗುರುಗಳು ಕೈಬಿಟ್ಟಾಗಲೂ ಯುದ್ಧ ನಿಲ್ಲಿಸಲಿಲ್ಲ. ಎರಡನೆಯದು ದೂರದ ರಣರಂಗಗಳಲ್ಲಿ ಕಂಪನಿಯ ಮಗ್ಗುಲಲ್ಲಿ ನಿಂತು ಹೆಸರು ಗಳಿಸಿತು, ತನ್ನದೇ ನೆಲದಲ್ಲಿ ಒಂಟಿಯಾಗಿ ನಿಲ್ಲಬೇಕಾದಾಗ ಸೋತಿತು.

ಆ ಸೋಲು ನಡೆದದ್ದು ಇಂದಿನ ದಾವಣಗೆರೆ ಜಿಲ್ಲೆಯ ಪಡುವಣ ಅಂಚಿನಲ್ಲಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ತಾಲ್ಲೂಕುಗಳಲ್ಲಿ ಮತ್ತು ಅವುಗಳಿಗೆ ತಾಗಿದ ಶಿವಮೊಗ್ಗದ ಮಲೆನಾಡಿನಲ್ಲಿ. ಹೊನ್ನಾಳಿಗೂ ಚನ್ನಗಿರಿಗೂ ನಡುವಣ ಸಾಸ್ವೆಹಳ್ಳಿ ಹೋಬಳಿಯನ್ನು ಇಂದಿನವರು ಬಲ್ಲದ್ದು ಏತ ನೀರಾವರಿ ಯೋಜನೆಯ ಹೆಸರಿನಿಂದ. ಎರಡು ನೂರು ವರ್ಷಗಳ ಹಿಂದೆ ಇದೇ ಬಯಲಿನ ರೈತರು ಕೂಟ ಕಟ್ಟಿ ಒಂದು ಸರ್ಕಾರವನ್ನು ಅಲುಗಾಡಿಸಿದರು. ಚರಿತ್ರೆಯ ಪುಸ್ತಕಗಳು ಆ ಘಟನೆಯನ್ನು ನಗರದ ದಂಗೆ ಎಂದು ಕರೆದು, ರೈತರ ಕಥೆಯಾಗಿ ಹೇಳಿ ಮುಗಿಸುತ್ತವೆ. ಅದು ಒಂದು ಸೈನ್ಯದ ಕಥೆಯೂ ಹೌದು. ಆ ಭಾಗವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ನೆಲದ ಸ್ವರೂಪ

ಕೂಡಲಿಯಲ್ಲಿ ತುಂಗೆ ಭದ್ರೆಗಳು ಕೂಡಿದ ಮೇಲೆ ಹೊಳೆ ಬಡಗಣಕ್ಕೆ ಹರಿದು ಹೊನ್ನಾಳಿಯನ್ನು ದಾಟಿ ಹರಿಹರದ ಕಡೆಗೆ ಹೋಗುತ್ತದೆ. ಹೊಳೆಯ ಮೂಡಲಿಗೆ ಚನ್ನಗಿರಿ, ಸಂತೇಬೆನ್ನೂರು, ಬಸವಾಪಟ್ಟಣಗಳ ಬಯಲು. ಪಡುವಣಕ್ಕೆ ಶಿಕಾರಿಪುರ, ಆನಂದಪುರ, ನಗರದವರೆಗೆ ಕಾಡು ದಟ್ಟವಾಗುತ್ತ ಹೋಗುತ್ತದೆ. ಮುಂಗಾರಿನಲ್ಲಿ ತೋಪಿನ ಗಾಡಿ ಹೊಳೆ ದಾಟುವಂತಿಲ್ಲ. ಬಯಲಿನಲ್ಲಿ ಕುದುರೆ ಓಡುತ್ತದೆ, ಕಾಡಿನ ಕಣಿವೆಯಲ್ಲಿ ಓಡುವುದಿಲ್ಲ. ಬಸವಾಪಟ್ಟಣ ಮತ್ತು ಚನ್ನಗಿರಿಗಳಲ್ಲಿ ಗುಡ್ಡದ ಮೇಲಣ ಕೋಟೆಗಳಿದ್ದರೆ ಮಲೆನಾಡಿನಲ್ಲಿ ಹಾದಿಗೆ ಅಡ್ಡಲಾಗಿ ಹಾಕಿದ ಮಣ್ಣಿನ ಕಟ್ಟೆಗಳೇ ಕೋಟೆ. ಸಾಲುಗಟ್ಟಿ ನಿಂತು ಏಕಕಾಲಕ್ಕೆ ಗುಂಡು ಹಾರಿಸುವ ಯುರೋಪಿನ ಪದ್ಧತಿಯನ್ನು ಮಾತ್ರ ಕಲಿತವರಿಗೆ ಈ ನೆಲ ಸುಲಭವಾಗಿ ಒಗ್ಗುವುದಿಲ್ಲ. ಕೆಳದಿಯ ಅರಸರು ಎರಡೂವರೆ ಶತಮಾನ ಇಲ್ಲಿ ಬಾಳಿದ್ದಕ್ಕೆ ಕಾಡೂ ಒಂದು ಕಾರಣ. ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮನಿಂದ ಎಂಬುದು ಪರಂಪರೆಯ ಹೇಳಿಕೆ. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ, ಈ ಲೇಖನದ ನಗರ ಅದೇ. ಅದರೊಂದಿಗೆ ಈ ಸೀಮೆಯೆಲ್ಲ ಮೈಸೂರಿನದಾಯಿತು.

ಫ್ರೆಂಚ್ ಗುರುಗಳು

ಹೈದರ್ ದಿಂಡಿಗಲ್ಲಿನ ಫೌಜುದಾರನಾಗಿದ್ದಾಗಲೇ, 1755ರ ಸುಮಾರಿಗೆ, ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ತೋಪಖಾನೆಯನ್ನೂ ಮದ್ದಿನ ಮನೆಯನ್ನೂ ಏರ್ಪಡಿಸಿದ. 1761ರ ಜನವರಿಯಲ್ಲಿ ಪುದುಚೇರಿ ಇಂಗ್ಲಿಷರ ಕೈಸೇರಿದಾಗ ನೆಲೆ ತಪ್ಪಿದ ಫ್ರೆಂಚ್ ಸಿಪಾಯಿಗಳ ಒಂದು ಗುಂಪು ಹ್ಯೂಗೆಲ್ ಮುಂತಾದವರ ಮುಂದಾಳುತನದಲ್ಲಿ ಅವನ ಬಳಿ ಚಾಕರಿಗೆ ಸೇರಿತು. ಮುಂದೆ ಲಾಲಿ ಎಂಬ ಅಧಿಕಾರಿ ತನ್ನದೇ ದಳದೊಂದಿಗೆ ಬಂದ. ಇವರು ಹೈದರನಿಂದ ಸಂಬಳ ಪಡೆಯುವ ನೌಕರರಾಗಿದ್ದರು ಎಂಬುದು ಮುಖ್ಯ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳುಹಿಸಬೇಕು, ಎಲ್ಲಿ ಯುದ್ಧ ಮಾಡಬೇಕು ಎಂಬ ತೀರ್ಮಾನಗಳೆಲ್ಲ ಶ್ರೀರಂಗಪಟ್ಟಣದಲ್ಲೇ ಆಗುತ್ತಿದ್ದವು. ಕಲಿಸುವವನು ಹೊರಗಿನವನಾದರೂ ಚೀಲದ ಬಾಯಿ ಅರಸನ ಕೈಯಲ್ಲಿತ್ತು.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನಾಶವಾದದ್ದು ಈ ಸೈನ್ಯದ ಅತ್ಯಂತ ದೊಡ್ಡ ಗೆಲುವು. ಲಾಲಿಯ ದಳ ಅಲ್ಲಿತ್ತು. ಆದರೆ ಗೆಲುವಿಗೆ ಕಾರಣವಾದವುಗಳಲ್ಲಿ ಫ್ರೆಂಚರು ಕಲಿಸದ ಸಂಗತಿಗಳೂ ಇದ್ದವು. ಸುತ್ತುವರಿದು ದಾರಿ ಕಡಿಯುವ ಕುದುರೆ ದಳ, ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ಬಾಣಗಳು, ತೋಪನ್ನು ಹೊತ್ತಿಗೆ ಸರಿಯಾಗಿ ಎಳೆದು ತರುವ ಮೈಸೂರಿನ ಎತ್ತುಗಳು ಈ ನೆಲದ್ದೇ ಆಗಿದ್ದವು. ಇಂಗ್ಲಿಷರ ಮದ್ದಿನ ಗಾಡಿಗಳು ಸಿಡಿದ ಮೇಲೆ ಬೇಲಿಯ ಸಾಲು ಮುರಿಯಿತು. ಹೊರಗಿನ ಕವಾಯತನ್ನು ತನ್ನ ರೂಢಿಯ ಯುದ್ಧಕ್ಕೆ ಜೋಡಿಸಿಕೊಂಡದ್ದು ಹೈದರನ ಹೆಚ್ಚುಗಾರಿಕೆ.

ನಿಜವಾದ ಪರೀಕ್ಷೆ ಬಂದದ್ದು 1783ರಲ್ಲಿ. ಆ ವರ್ಷದ ಆರಂಭದಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ನಗರವನ್ನು ಹಿಡಿದಿದ್ದ. ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಟಿಪ್ಪು, ಕೊಸಿನ್ಯಿ ಎಂಬ ಅಧಿಕಾರಿಯ ಫ್ರೆಂಚ್ ತುಕಡಿಯ ನೆರವಿನಿಂದ, ನಗರವನ್ನು ಮರಳಿ ಪಡೆದು ಮಂಗಳೂರಿಗೆ ಮುತ್ತಿಗೆ ಹಾಕಿದ. ಮುತ್ತಿಗೆಯ ನಡುವೆ ಯುರೋಪಿನಲ್ಲಿ ಇಂಗ್ಲೆಂಡು–ಫ್ರಾನ್ಸುಗಳು ಶಾಂತಿ ಮಾಡಿಕೊಂಡ ಸುದ್ದಿ ಬಂತು. ಫ್ರೆಂಚರು ಅಂದಿನಿಂದ ಹೋರಾಡಲು ಒಪ್ಪದೆ ಹಿಂದೆ ಸರಿದರು. ಕೋಟೆಗೋಡೆಗೆ ಸುರಂಗ ತೋಡುವ, ಬಿರುಕು ಬಿಟ್ಟ ಕಡೆ ನುಗ್ಗುವ ಕೆಲಸದಲ್ಲಿ ಅವರ ಇಂಜಿನಿಯರುಗಳ ಮೇಲೆ ಟಿಪ್ಪು ಬಹಳವಾಗಿ ನೆಚ್ಚಿಕೊಂಡಿದ್ದ. ಅವರು ಹೋದ ಮೇಲೆ ಲಗ್ಗೆಯ ಯುದ್ಧ ನಿಂತಿತು. ಮುತ್ತಿಗೆ ಮಾತ್ರ ನಿಲ್ಲಲಿಲ್ಲ. ಮಳೆಗಾಲ ಕಳೆಯಿತು, ಕದನ ವಿರಾಮದ ಕರಾರಾಯಿತು, ಕೋಟೆಯೊಳಗೆ ಹಸಿವು ಮತ್ತು ರೋಗ ಹೆಚ್ಚಿದವು. 1784ರ ಜನವರಿ 30ರಂದು ಕರ್ನಲ್ ಕ್ಯಾಂಬೆಲ್ ಕೋಟೆಯನ್ನು ಒಪ್ಪಿಸಿದ, ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಗುರು ನಡುವೆ ಎದ್ದು ಹೋದಾಗ ಒಂದು ಸೈನ್ಯ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಉಳಿಸಿಕೊಳ್ಳುತ್ತದೆ ಎಂಬುದು ಇಷ್ಟು ನಿಚ್ಚಳವಾಗಿ ಕಾಣುವ ಪ್ರಸಂಗ ನಮ್ಮ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಕುಶಲ ವಿದ್ಯೆಯ ಒಂದು ಭಾಗ ಹೋಯಿತು. ಸಂಬಳ, ದಿನಸಿ, ಆಜ್ಞೆಯ ಸರಪಳಿ, ಗೆಲ್ಲಲೇಬೇಕೆಂಬ ಹಠ ಉಳಿದವು, ಗೆಲುವಿಗೆ ಅವು ಸಾಕಾದವು.

ಟಿಪ್ಪು ಇದರಿಂದ ಪಾಠ ಕಲಿತ. ಜೈನುಲ್ ಆಬಿದೀನ್ ಶುಸ್ತರಿ ಬರೆದ ಫತ್ಹುಲ್ ಮುಜಾಹಿದೀನ್ ಎಂಬ ಸೈನಿಕ ಕೈಪಿಡಿಯನ್ನು ಅಧಿಕಾರಿಗಳಿಗೆ ಹಂಚಿದ, ಯುರೋಪಿನ ಭಾಷೆಗಳ ಆಜ್ಞೆಗಳನ್ನು ತೆಗೆದು ಪಾರಸಿ ಮತ್ತು ತುರ್ಕಿ ಮಾತುಗಳನ್ನು ತಂದ. ಕುಶೂನ್ ಎಂಬ ದಳಗಳನ್ನು ಕಟ್ಟಿ ಪ್ರತಿಯೊಂದಕ್ಕೂ ಸಿಪಹದಾರನನ್ನು ನೇಮಿಸಿ, ಬಾಣ ಹಾರಿಸುವವರನ್ನು ಅವುಗಳಲ್ಲೇ ಸೇರಿಸಿದ. ಬಂದೂಕು, ತೋಪುಗಳ ತಯಾರಿಕೆ ರಾಜ್ಯದೊಳಗೇ ನಡೆಯಿತು. ಹೊರಗಿನವರ ಹಂಗು ಇಷ್ಟರಮಟ್ಟಿಗೆ ಹರಿಯಿತು.

ಅದರ ಜಾಗದಲ್ಲಿ ಇನ್ನೊಂದು ಅವಲಂಬನೆ ಬೆಳೆಯಿತೆಂಬುದು ಹೆಚ್ಚು ಜನ ಗಮನಿಸದ ಸಂಗತಿ. ಆಜ್ಞೆಯೆಲ್ಲ ಒಬ್ಬನಿಂದಲೇ ಹೊರಡುತ್ತಿತ್ತು, ದೂರದ ದಳಪತಿಗಳಿಗೆ ತಾವೇ ತೀರ್ಮಾನಿಸುವ ರೂಢಿ ಬೆಳೆಯಲಿಲ್ಲ. ಇಂಗ್ಲಿಷರೊಂದಿಗಿನ ಮೂರನೆಯ ಯುದ್ಧದಲ್ಲಿ ಇದು ಈ ಸೀಮೆಯಲ್ಲೇ ಕಂಡಿತು. 1791ರ ಡಿಸೆಂಬರಿನಲ್ಲಿ ಪರಶುರಾಮ ಭಾವೂನ ಮರಾಠಾ ಸೈನ್ಯ, ಕ್ಯಾಪ್ಟನ್ ಲಿಟಲ್‌ನ ಚಿಕ್ಕ ಇಂಗ್ಲಿಷ್ ತುಕಡಿಯೊಂದಿಗೆ, ಹೊಳೆಹೊನ್ನೂರನ್ನು ಹಿಡಿದು ಶಿವಮೊಗ್ಗದ ಮೇಲೆ ಬಂತು. ಊರ ಹೊರಗಿನ ಕಾಡಿನಲ್ಲಿ ಹೊಳೆಯನ್ನು ಮಗ್ಗುಲಿಗೆ ಇಟ್ಟುಕೊಂಡು ಟಿಪ್ಪುವಿನ ಸೇನಾನಿ ರಜಾ ಸಾಹೇಬ ಒಳ್ಳೆಯ ಜಾಗವನ್ನೇ ಆರಿಸಿದ್ದ. ಸಂಖ್ಯೆಯೂ ಅವನ ಕಡೆಗೇ ಹೆಚ್ಚಿತ್ತು. ಆದರೂ ಡಿಸೆಂಬರ್ 29ರಂದು ಲಿಟಲ್‌ನ ಸಿಪಾಯಿಗಳು ಅವನನ್ನು ಸೋಲಿಸಿದರು, ಶಿವಮೊಗ್ಗ ಶರಣಾಯಿತು. ಸುಲ್ತಾನನಿದ್ದ ಕಡೆ ಬಿಗಿಯಾಗಿ ಕಾದುತ್ತಿದ್ದ ಸೈನ್ಯ ಅವನಿಲ್ಲದ ಕಡೆ ಸಡಿಲವಾಯಿತು. 1799ರ ಮೇ 4ರಂದು ಟಿಪ್ಪು ಮಡಿದಾಗ ಇದು ಪೂರ್ಣವಾಗಿ ಬಯಲಾಯಿತು. ಶ್ರೀರಂಗಪಟ್ಟಣದ ಹೊರಗೆ ಸಾವಿರಾರು ಸವಾರರು, ಹತ್ತಾರು ಕೋಟೆಗಳು ಇನ್ನೂ ಉಳಿದಿದ್ದವು. ಅವುಗಳನ್ನು ಒಟ್ಟುಗೂಡಿಸಿ ಯುದ್ಧ ಮುಂದುವರಿಸುವ ಎರಡನೆಯ ಮನುಷ್ಯ ಇರಲಿಲ್ಲ. ಮಗ ಫತೇ ಹೈದರ್ ಮತ್ತು ಸರದಾರರು ಕೆಲವು ವಾರಗಳಲ್ಲೇ ಶರಣಾದರು.

ಧೋಂಡಿಯ ವಾಘ್

ಶರಣಾಗದವನು ಒಬ್ಬ ಉಳಿದ. ಅವನು ಹುಟ್ಟಿದ್ದು ಚನ್ನಗಿರಿಯಲ್ಲಿ. ಮರಾಠಾ ಮೂಲದ ಧೋಂಡಿಯ ವಾಘ್ ಹೈದರನ ಕುದುರೆ ದಳದಲ್ಲಿ ಸವಾರನಾಗಿದ್ದು, ಮೂರನೆಯ ಯುದ್ಧದ ಹೊತ್ತಿಗೆ ಬಿಟ್ಟು ಹೋಗಿ ಧಾರವಾಡದ ಕಡೆ ಸುಲಿಗೆಯಲ್ಲಿ ತೊಡಗಿದ್ದ. ಟಿಪ್ಪು ಅವನನ್ನು ಕರೆಸಿಕೊಂಡು, ಮತ ಬದಲಿಸಿ, ಕೊನೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿಟ್ಟ. ಕೋಟೆ ಬಿದ್ದ ದಿನ ಬಿಡುಗಡೆಯಾದ ಧೋಂಡಿಯ, ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳನ್ನು ಕೂಡಿಸಿಕೊಂಡು ತನ್ನ ಹುಟ್ಟೂರಿನ ಸೀಮೆಗೆ ಬಂದು ಶಿವಮೊಗ್ಗ ಮತ್ತು ಬಿದನೂರು ಪ್ರಾಂತ್ಯದ ಹಲವು ಠಾಣ್ಯಗಳನ್ನು ಹಿಡಿದ. 1799ರ ಆಗಸ್ಟಿನಲ್ಲಿ ಕಂಪನಿಯ ಎರಡು ಪಡೆಗಳು ಸ್ಟೀವನ್‌ಸನ್ ಮತ್ತು ಡಾಲ್‌ರಿಂಪಲ್‌ರ ಕೈಕೆಳಗೆ ಬಂದು ಶಿಕಾರಿಪುರದ ಬಳಿ ಅವನನ್ನು ಸೋಲಿಸಿ ಬಡಗಣಕ್ಕೆ ಓಡಿಸಿದವು. ಮರುವರ್ಷ ಅವನು ಇನ್ನೂ ದೊಡ್ಡ ಗುಂಪಿನೊಂದಿಗೆ ಸವಣೂರು, ಡಂಬಳ, ಕಿತ್ತೂರುಗಳ ಸುತ್ತ ತಲೆಯೆತ್ತಿದ, ಉಭಯ ಲೋಕಾಧೀಶ್ವರನೆಂದು ಬಿರುದು ಹೊತ್ತ, ಮರಾಠಾ ಸೇನಾನಿ ಧೋಂಡೋಪಂತ ಗೋಖಲೆಯನ್ನು ಕೊಂದ. ಕಂಪನಿಯ ಸೇನಾನಿ ಆರ್ಥರ್ ವೆಲೆಸ್ಲಿ 1800ರ ಜೂನಿನಲ್ಲಿ ಹರಿಹರದಲ್ಲಿ ತುಂಗಭದ್ರೆ ದಾಟಿ ಬೆನ್ನು ಹತ್ತಿದ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ.

ಧೋಂಡಿಯನನ್ನು ದರೋಡೆಕೋರನೆನ್ನುವವರೂ ಉಂಟು, ಸ್ವಾತಂತ್ರ್ಯ ಯೋಧನೆನ್ನುವವರೂ ಉಂಟು. ಈ ಲೇಖನಕ್ಕೆ ಮುಖ್ಯವಾದದ್ದು ಬೇರೆ. ಅವನ ಜೊತೆಗಿದ್ದವರು ಟಿಪ್ಪುವಿನ ಹಳೆಯ ಸಿಪಾಯಿಗಳು. ಅವನನ್ನು ಬೆನ್ನಟ್ಟಿದವರಲ್ಲಿ ದಿವಾನ್ ಪೂರ್ಣಯ್ಯ ಹೊಸದಾಗಿ ಕಟ್ಟಿದ ಮೈಸೂರು ಕುದುರೆ ದಳವೂ ಇತ್ತು, ಅಲ್ಲಿದ್ದವರೂ ಬಹುಪಾಲು ಅದೇ ಸೈನ್ಯದವರು. ಒಂದೇ ಪಡೆ ಎರಡು ಹೋಳಾಗಿತ್ತು. ಒಂದು ಹೋಳಿಗೆ ಸ್ವಾತಂತ್ರ್ಯವಿತ್ತು, ಆದರೆ ಖಜಾನೆ, ಮದ್ದಿನ ಮನೆ, ಕಂದಾಯ ಕೊಡುವ ನಾಡು ಇರಲಿಲ್ಲ. ಇನ್ನೊಂದಕ್ಕೆ ಅವೆಲ್ಲ ಇದ್ದವು, ಸ್ವಾತಂತ್ರ್ಯವಿರಲಿಲ್ಲ.

ಕಂಪನಿಯ ನೆರಳಿನ ಸೈನ್ಯ

1799ರ ಜುಲೈ 8ರ ಒಪ್ಪಂದದಂತೆ ಮೈಸೂರಿನ ರಕ್ಷಣೆ ಕಂಪನಿಯ ಹೊಣೆ. ಅದಕ್ಕಾಗಿ ಸಂಸ್ಥಾನ ವರ್ಷಕ್ಕೆ 7 ಲಕ್ಷ ಸ್ಟಾರ್ ವರಹ, ಅಂದರೆ ಸುಮಾರು 24 ಲಕ್ಷ 50 ಸಾವಿರ ರೂಪಾಯಿ, ತಿಂಗಳ ಕಂತುಗಳಲ್ಲಿ ತೆರಬೇಕು. ಹಣ ತಪ್ಪುವಂತೆ ಕಂಡರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕು ಗವರ್ನರ್ ಜನರಲ್‌ಗೆ. ಶ್ರೀರಂಗಪಟ್ಟಣದ ದ್ವೀಪ ಕಂಪನಿಯದಾಯಿತು, ತೋಪಿನ ಗಾಡಿಗಳ ಕಾರ್ಖಾನೆಯೂ ಅಲ್ಲಿ ಕಂಪನಿಯದೇ. ಹೈದರ್–ಟಿಪ್ಪುಗಳ ತೋಪುಗಳನ್ನು ಎಳೆದ ಅಮೃತ ಮಹಲ್ ಎತ್ತುಗಳ ತಳಿಯನ್ನು ಸಾಕುವ ಇಲಾಖೆ ಕೆಲ ಕಾಲ ಸಂಸ್ಥಾನದ ಕೈಯಲ್ಲಿದ್ದು, 1813ರಲ್ಲಿ ಕಂಪನಿಯ ಸರಬರಾಜು ವಿಭಾಗಕ್ಕೆ ಹೋಯಿತು. ಯುದ್ಧಕ್ಕೆ ಬೇಕಾದ ಭಾರವಾದ ಅಂಗಗಳೆಲ್ಲ ಹೀಗೆ ಒಂದೊಂದಾಗಿ ಕೈಜಾರಿದವು.

ಉಳಿದದ್ದು ಮೂರು ಬಗೆಯ ಪಡೆ. ಮೊದಲನೆಯದು ಸಿಲ್ಲೇದಾರ್ ಕುದುರೆ ದಳ. ಇಲ್ಲಿ ಕುದುರೆಯೂ ಆಯುಧವೂ ಸವಾರನವೇ, ಅಥವಾ ಅವನನ್ನು ತಂದ ಸಿಲ್ಲೇದಾರನವು. ಸರ್ಕಾರ ಕೊಡುವುದು ಸಂಬಳ. ಕುದುರೆ ಸತ್ತರೆ ನಷ್ಟ ಅವನದೇ. 1807ರ ಜನವರಿಯ ಪೂರಕ ಒಪ್ಪಂದ 4,000 ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದು ಗೊತ್ತುಪಡಿಸಿತು. ಎರಡನೆಯದು ಬಾರ್ ಎಂದು ಕರೆಯುತ್ತಿದ್ದ ಕವಾಯತು ಕಾಲಾಳುಗಳ ಪಟಾಲಮು. ಮೂರನೆಯದು ಕಂದಾಚಾರ, ತಾಲ್ಲೂಕು ತಾಲ್ಲೂಕಿನಲ್ಲಿ ಕೋಟೆ ಕಾಯುವ, ಖಜಾನೆ ಸಾಗಿಸುವ, ಅಮಲ್ದಾರನ ಆಜ್ಞೆ ನಡೆಸುವ ಸ್ಥಳೀಯ ಆಳುಗಳು. ಇವರು ಊರಿನವರೇ, ಹೊಲವಿದ್ದವರೇ.

ಪೂರ್ಣಯ್ಯನ ಕಾಲದಲ್ಲಿ ಈ ಸೈನ್ಯದ ಹೆಸರು ದೊಡ್ಡದು. 1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ವೆಲೆಸ್ಲಿ ಮರಾಠರನ್ನು ಎದುರಿಸಿದಾಗ ಬಿಷ್ಟಪ್ಪ ಪಂಡಿತನ ನಾಯಕತ್ವದ ಮೈಸೂರು ಸವಾರರು ಜೊತೆಗಿದ್ದರು. ದಿನಸಿಯ ಎತ್ತುಗಳನ್ನು ಕಾಯುವುದು, ಮುಂದಿನ ದಾರಿ ನೋಡಿ ಬರುವುದು, ಸೋತವರನ್ನು ಅಟ್ಟುವುದು ಅವರ ಕೆಲಸ. ವೆಲೆಸ್ಲಿ ಅವರನ್ನು ಮನಸಾರೆ ಮೆಚ್ಚಿಕೊಂಡ. 1809ರಲ್ಲಿ ಮದ್ರಾಸ್ ಸೈನ್ಯದ ಇಂಗ್ಲಿಷ್ ಅಧಿಕಾರಿಗಳೇ ತಮ್ಮ ಸರ್ಕಾರದ ವಿರುದ್ಧ ಬಂಡೆದ್ದು ಚಿತ್ರದುರ್ಗದಿಂದ ಎರಡು ಪಟಾಲಮುಗಳನ್ನು ಶ್ರೀರಂಗಪಟ್ಟಣಕ್ಕೆ ಹೊರಡಿಸಿದಾಗ, ಅವುಗಳನ್ನು ಹಿಂಬಾಲಿಸಿ ಕಾಡಿದ್ದು ಮೈಸೂರಿನ ಕುದುರೆ ದಳ. ಕಂಪನಿಯನ್ನು ಕಂಪನಿಯ ಸೈನ್ಯದಿಂದಲೇ ಕಾಪಾಡಿದ ಆ ಪ್ರಸಂಗಕ್ಕೆ ನಮ್ಮ ಪಠ್ಯಗಳಲ್ಲಿ ಇನ್ನೂ ತಕ್ಕ ಜಾಗ ಸಿಕ್ಕಿಲ್ಲ. 1817ರ ಡಿಸೆಂಬರಿನಲ್ಲಿ ಮಾಳವದ ಮಹೀದ್‌ಪುರದವರೆಗೂ ಈ ಸವಾರರು ಹೋಗಿ ಕಾದಿದರು.

ಈ ಎಲ್ಲ ಕಡೆಗಳಲ್ಲೂ ಯುದ್ಧದ ಯೋಜನೆ, ಇಂಜಿನಿಯರು, ತೋಪು, ಆಸ್ಪತ್ರೆ, ದಿನಸಿಯ ಲೆಕ್ಕ ಬೇರೆಯವರದು. ಮೈಸೂರಿನ ಪಾಲು ಒಂದು ಕೈಯ ಕೆಲಸ. ಆ ಕೈ ಚೆನ್ನಾಗಿ ದುಡಿಯಿತು. ಆದರೆ ಪೂರ್ಣ ದೇಹವಾಗಿ ಚಲಿಸುವ ಅಭ್ಯಾಸ ಅದಕ್ಕೆ ಎಂದೂ ಬರಲಿಲ್ಲ, ಬರಬೇಕೆಂದು ಒಪ್ಪಂದವೂ ಬಯಸಿರಲಿಲ್ಲ. ಒಂಟಿಯಾಗಿ ಯುದ್ಧ ಮಾಡಬಲ್ಲ ಮೈಸೂರು ಸೈನ್ಯವನ್ನು ನಾಲ್ಕು ಯುದ್ಧ ಮಾಡಿ ಮುಗಿಸಿದ್ದ ಕಂಪನಿ ಅಂಥದೇ ಇನ್ನೊಂದನ್ನು ಏಕೆ ಕಟ್ಟಿಕೊಟ್ಟೀತು?

1830–31: ಒಂಟಿಯಾಗಿ

1811ರಲ್ಲಿ ಪೂರ್ಣಯ್ಯ ಅಧಿಕಾರ ಬಿಟ್ಟ ಮೇಲೆ ಖಜಾನೆ ಬರಿದಾಗುತ್ತ ಬಂತು. ಕಂಪನಿಯ ಕಂತನ್ನು ತಪ್ಪಿಸುವಂತಿರಲಿಲ್ಲ, ತಪ್ಪಿಸಬಹುದಾದದ್ದು ಸ್ವಂತ ಸೈನ್ಯದ ಸಂಬಳ. ತಿಂಗಳುಗಟ್ಟಲೆ ಬಾಕಿ ಬೆಳೆಯಿತು. ಇನ್ನೊಂದು ಕಡೆ ಶರ್ತು ಪದ್ಧತಿಯಲ್ಲಿ, ಇಷ್ಟು ಹಣ ಎತ್ತಿ ಕೊಡುತ್ತೇನೆಂದು ಒಪ್ಪಿಕೊಂಡವನೇ ಅಮಲ್ದಾರ. ಆ ಹಣ ಕೊನೆಗೆ ಬರಬೇಕಾದದ್ದು ರೈತನಿಂದ. ನಗರದ ಫೌಜುದಾರಿಯಲ್ಲಿ ಹಿಂದಿನವರು ಬಿಟ್ಟುಕೊಟ್ಟಿದ್ದ ರಿಯಾಯಿತಿಗಳನ್ನು ಹೊಸ ಫೌಜುದಾರ ವೀರರಾಜೇ ಅರಸ್ ಮತ್ತೆ ತೆಗೆದು ಪರಿಶೀಲಿಸತೊಡಗಿದಾಗ ಸಹನೆಯ ಕಟ್ಟೆ ಒಡೆಯಿತು.

1830ರ ಆಗಸ್ಟಿನಲ್ಲಿ ಬಸವಾಪಟ್ಟಣದಲ್ಲಿ ರೈತರ ಕೂಟ ಸೇರಿತು. ಊರಿಂದೂರಿಗೆ ಚೀಟಿ ಹೋಯಿತು. ಕೂಟ ಎಂದರೆ ಉಳುಮೆ ಬಿಟ್ಟು, ಕಂದಾಯ ತಡೆದು, ಒಂದೆಡೆ ಕುಳಿತು ಅಹವಾಲು ಹೇಳುವ ಪ್ರತಿಭಟನೆ. ಅದು ಯುದ್ಧವಾಗಿರಲಿಲ್ಲ. ಹೊನ್ನಾಳಿ ಸೀಮೆಯ ಚಿನ್ನಿಕಟ್ಟೆಯ ಸಾದರ ಮಲ್ಲ, ತಾನು ಕೆಳದಿ ವಂಶದವನೆಂದು ಹೇಳಿಕೊಂಡು ಬೂದಿ ಬಸವಪ್ಪ ನಾಯಕನೆಂಬ ಹೆಸರಿನಲ್ಲಿ ಮುಂದೆ ಬಂದಾಗ ಅದಕ್ಕೊಬ್ಬ ಅರಸ ಸಿಕ್ಕಿದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ತನ್ನ ಮನೆತನದ ಬೆಟ್ಟದ ಕೋಟೆಗಳನ್ನು ಸೇರಿದಾಗ ಅದಕ್ಕೆ ಆಯುಧವೂ ಸಿಕ್ಕಿತು. ವರ್ಷಾಂತ್ಯಕ್ಕೆ ಹೊನ್ನಾಳಿಯಲ್ಲಿ ನೆರೆದವರನ್ನು ಚದುರಿಸಲು ಮೈಸೂರಿನ ಪಡೆ ಬಲ ಪ್ರಯೋಗಿಸಿತು, ಸಾವುಗಳಾದವು. ಅಲ್ಲಿಂದ ಮುಂದೆ ಮಾತುಕತೆಗೆ ದಾರಿ ಉಳಿಯಲಿಲ್ಲ.

ಮಹಾರಾಜರ ಸೇನಾನಿ ಅಣ್ಣಪ್ಪ ಸವಾರರೊಂದಿಗೂ ಬಾರ್ ಕಾಲಾಳುಗಳೊಂದಿಗೂ ಮಲೆನಾಡಿಗೆ ನುಗ್ಗಿದ. ಬಯಲಿನಲ್ಲಿ ಅವನಿಗೆ ಎದುರಿರಲಿಲ್ಲ. ಹೊಳೆಯ ಆಚೆ ಎಲ್ಲವೂ ಬದಲಾಯಿತು. ಹಾದಿಗಳಲ್ಲಿ ಕಟ್ಟೆಗಳು, ಮರ ಕಡಿದು ಹಾಕಿದ ಅಡ್ಡಿಗಳು, ಕಾಡಿನಿಂದ ಬರುವ ಗುಂಡು. ದಿನಸಿ ತರುವ ದಾರಿ ಕಡಿದು ಹೋಗಿ, ಆನಂದಪುರದಲ್ಲಿ ನೆಲೆ ನಿಂತಿದ್ದ ಅವನ ಪಡೆ ಠಾಣ್ಯ ಬಿಟ್ಟು ಹಿಂದೆ ಸರಿಯಿತು. ನಗರ ಬಂಡಾಯಗಾರರದಾಯಿತು. ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟನ ಕಡೆಯ ಲೆಫ್ಟಿನೆಂಟ್ ರಾಕ್‌ಫೋರ್ಟ್ ಮೈಸೂರು ದಳಗಳ ಮುಂದಾಳತ್ವ ವಹಿಸಿದ ಮೇಲೆ ಕೆಲವು ಕೋಟೆಗಳು ಮರಳಿ ಬಂದವು. ಅದೇ ಸಿಪಾಯಿ, ಅದೇ ಬಂದೂಕು. ಬದಲಾದದ್ದು ಯೋಜನೆ ಮಾಡುವವನು, ಮತ್ತು ಅವನ ಬೆನ್ನಿಗಿದ್ದ ಸರಬರಾಜು. ಅಷ್ಟಾದರೂ ಸಾಲದೆ, ಹರಿಹರ ಮೊದಲಾದ ಕಡೆಗಳಿಂದ ಕಂಪನಿಯ ಪಟಾಲಮುಗಳು ಬರಬೇಕಾಯಿತು. ಅವಕ್ಕೂ ಮಲೆನಾಡಿನ ಕಟ್ಟೆಗಳ ಮುಂದೆ ಮೊದಲ ಯತ್ನದಲ್ಲಿ ಹಿನ್ನಡೆಯಾಯಿತು. 1831ರ ಜೂನಿನಲ್ಲಿ ನಗರ ಅವರ ವಶವಾಯಿತು.

ಸೋಲಿನ ಹೊಣೆಯನ್ನು ಅಂದಿನ ಇಂಗ್ಲಿಷ್ ಅಧಿಕಾರಿಗಳು ಮೈಸೂರು ಸಿಪಾಯಿಯ ಅಶಿಸ್ತಿನ ಮೇಲೆ, ಮಹಾರಾಜರ ದುಂದುಗಾರಿಕೆಯ ಮೇಲೆ ಹೊರಿಸಿದರು. ದುಂದುಗಾರಿಕೆ ಸುಳ್ಳಲ್ಲ. ಆದರೆ ಅಸ್ಸಾಯೆ, ಮಹೀದ್‌ಪುರಗಳಲ್ಲಿ ಕಾದಿದ ದಳಗಳು ಆಮೇಲಿನ ವರ್ಷಗಳಲ್ಲಿ ಹೇಡಿಗಳಾಗಲಾರವು. ಸಂಬಳ ಕಾಣದ ಸಿಪಾಯಿಯನ್ನು ಕಂದಾಯ ಕೊಡಲಾರದ ರೈತನ ಮೇಲೆ ಬಿಟ್ಟರು. ಸಿಲ್ಲೇದಾರನಿಗೆ ಕುದುರೆಯೇ ಬಂಡವಾಳ. ಅದನ್ನು ಆನಂದಪುರದ ಕಣಿವೆಯಲ್ಲಿ ಬಲಿ ಕೊಟ್ಟರೆ ತುಂಬಿಕೊಡುವವರಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಂದಾಚಾರದ ಆಳಿನ ಅಣ್ಣತಮ್ಮಂದಿರೇ ಕೂಟದಲ್ಲಿ ಕುಳಿತಿದ್ದರು. ಕಾಡಿನ ಹಾದಿ, ಹಳ್ಳದ ಕಡವು, ಊರೂರಿನ ಸುದ್ದಿ ತಿಳಿದಿದ್ದ ಆ ಜನರೇ ಸೈನ್ಯದ ಕಣ್ಣು ಕಿವಿಗಳಾಗಬೇಕಿತ್ತು. ಅವರು ಕೈಚೆಲ್ಲಿದ ಮೇಲೆ ಅಣ್ಣಪ್ಪ ತನ್ನದೇ ಅರಸನ ರಾಜ್ಯದಲ್ಲಿ ಪರನಾಡಿನವನಂತೆ ನಡೆಯಬೇಕಾಯಿತು. ಬಂದೂಕು ಹಿಡಿಯಲು ಬಾರದೆ ಸೋತ ಸೈನ್ಯ ಇದಲ್ಲ. ಯಾರಿಗಾಗಿ, ಯಾರ ಮೇಲೆ ಎಂಬುದಕ್ಕೆ ಉತ್ತರವಿಲ್ಲದೆ ಸೋತದ್ದು.

1831ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ 1799ರ ಒಪ್ಪಂದದ ಹಕ್ಕನ್ನು ಮುಂದಿಟ್ಟು ಪತ್ರ ಬರೆದ. ಅಕ್ಟೋಬರಿನಲ್ಲಿ ಆಡಳಿತ ಕಂಪನಿಯ ಕಮಿಷನರುಗಳ ಕೈಗೆ ಹೋಯಿತು. ದಂಗೆಯ ಕಾರಣಗಳನ್ನು ವಿಚಾರಿಸಿದ ಹಾಕರ್ ಸಮಿತಿ 1833ರಲ್ಲಿ ಕೊಟ್ಟ ವರದಿಯನ್ನು ನೋಡಿದ ಮೇಲೆ, ತಾನು ಇಷ್ಟು ದೂರ ಹೋಗಬೇಕಾಗಿತ್ತೇ ಎಂಬ ಸಂಶಯ ಬೆಂಟಿಂಕನಿಗೇ ಬಂತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಆಡಳಿತ ಮರಳಿ ಬರಲು 1881ರ ಮಾರ್ಚ್ 25ರವರೆಗೆ ಕಾಯಬೇಕಾಯಿತು.

ಬೇರೆಡೆಗಳಲ್ಲಿ

ಗ್ವಾಲಿಯರಿನ ಸಿಂಧಿಯಾನ ಸೈನ್ಯವನ್ನು ದ ಬ್ವಾನ್ಯ್ ಎಂಬ ಸವಾಯ್ ನಾಡಿನವನು ಯುರೋಪಿನ ಪದ್ಧತಿಯಲ್ಲಿ ಕಟ್ಟಿದ್ದ. 1803ರಲ್ಲಿ ಅವನ ಉತ್ತರಾಧಿಕಾರಿ ಪೆರೋನ್ ಇಂಗ್ಲಿಷರಿಗೆ ಶರಣಾದ, ಹಲವು ಯುರೋಪಿಯನ್ ಅಧಿಕಾರಿಗಳು ಪಡೆಯನ್ನು ಬಿಟ್ಟು ಹೋದರು. ಆದರೂ ನವೆಂಬರ್ 1ರಂದು ಲಾಸ್ವಾರಿಯಲ್ಲಿ ಆ ಸಿಪಾಯಿಗಳು ತಮ್ಮ ತೋಪುಗಳ ಪಕ್ಕದಲ್ಲೇ ಸಾಯುವವರೆಗೆ ಕಾದಿ ಜನರಲ್ ಲೇಕ್‌ನನ್ನು ಬೆರಗುಗೊಳಿಸಿದರು. ರಣಜಿತ್ ಸಿಂಗನ ಖಾಲ್ಸಾ ಸೈನ್ಯಕ್ಕೆ 1822ರಿಂದ ಅಲಾರ್, ವೆಂಟೂರ ಮೊದಲಾದವರು ಕವಾಯತು ಕಲಿಸಿದರು. 1845–46ರ ಯುದ್ಧದಲ್ಲಿ ಆ ಗುರುಗಳಿಲ್ಲದೆಯೂ ಸಿಖ್ ಗೋಲಂದಾಜರು ಇಂಗ್ಲಿಷರನ್ನು ಸೋಲಿನ ಅಂಚಿಗೆ ತಂದರು. ಅವರನ್ನು ಕೆಡಿಸಿದ್ದು ಲಾಲ್ ಸಿಂಗ್, ತೇಜ್ ಸಿಂಗರಂಥ ಸ್ವಂತ ಮುಖಂಡರು.

ನಮ್ಮ ಕಾಲದ ಉದಾಹರಣೆಗಳು ಹೊನ್ನಾಳಿಗೆ ಹೆಚ್ಚು ಹತ್ತಿರದವು. ಅಮೆರಿಕ ಕಟ್ಟಿದ ದಕ್ಷಿಣ ವಿಯೆಟ್ನಾಮಿನ ಸೈನ್ಯ 1975ರ ಏಪ್ರಿಲ್ 30ರಂದು ಕುಸಿಯಿತು. ಇರಾಕಿನ ಪಡೆ 2014ರ ಜೂನಿನಲ್ಲಿ ಮೊಸುಲ್ ನಗರವನ್ನು ಬಿಟ್ಟು ಓಡಿತು. ಕಾಗದದ ಮೇಲೆ 3 ಲಕ್ಷದಷ್ಟಿದ್ದ ಆಫ್ಘಾನ್ ಪಡೆಗಳು 2021ರ ಆಗಸ್ಟ್ 15ಕ್ಕೆ ಕಾಬೂಲನ್ನು ಉಳಿಸಿಕೊಳ್ಳಲಿಲ್ಲ. ಅಲ್ಲಿ ವಿಮಾನ ದುರಸ್ತಿ ಮಾಡುತ್ತಿದ್ದ ವಿದೇಶಿ ಗುತ್ತಿಗೆದಾರರು ಹೊರಟ ಮೇಲೆ ವಿಮಾನಗಳು ಹಾರದಾದವು, ಠಾಣೆಗಳಿಗೆ ದಿನಸಿ ಮುಟ್ಟಲಿಲ್ಲ, ಸಂಬಳದ ಪಟ್ಟಿಯಲ್ಲಿ ಇಲ್ಲದ ಸಿಪಾಯಿಗಳ ಹೆಸರುಗಳಿದ್ದವು. ಕಾಬೂಲಿಗೂ ಆನಂದಪುರಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ದಿನಸಿ ಮುಟ್ಟದ ಠಾಣ್ಯ ಎರಡೂ ಕಡೆ ಒಂದೇ ರೀತಿ ಬಿದ್ದಿತು. ಸೈನ್ಯ ಸಿದ್ಧವಾಗಿದೆಯೇ ಎಂದು ಅಳೆಯುವವರು ಸಾಮಾನ್ಯವಾಗಿ ಎಣಿಸುವುದು ತಲೆಗಳನ್ನು, ಬಂದೂಕುಗಳನ್ನು, ಮುಗಿಸಿದ ತರಬೇತಿಯ ದಿನಗಳನ್ನು. 1830ರ ಮೈಸೂರಿಗೂ ಅಂಥ ಪಟ್ಟಿ ಇತ್ತು. ರೆಸಿಡೆಂಟನ ಕಚೇರಿಯಲ್ಲಿ 4,000 ಸವಾರರ ಲೆಕ್ಕ ಸರಿಯಾಗಿಯೇ ಇದ್ದಿರಬೇಕು.

1831ರ ನಂತರ

ಕಮಿಷನರುಗಳ ಕಾಲದಲ್ಲಿ ಮೈಸೂರಿನ ಪಡೆಗಳನ್ನು ಇಳಿಸಿ ಇಂಗ್ಲಿಷ್ ಅಧಿಕಾರಿಗಳ ಕೆಳಗೆ ತಂದರು. ಹರಿಹರದ ದಂಡಿನಲ್ಲಿ 1865ರವರೆಗೆ ಒಂದು ಪಟಾಲಮು ಉಳಿಯಿತು. 1881ರಲ್ಲಿ ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯ ಒಪ್ಪಿಸಿದ ದಸ್ತಾವೇಜು ಸೈನ್ಯದ ವಿಷಯದಲ್ಲಿ ಯಾವ ಸಂದಿಗ್ಧಕ್ಕೂ ಎಡೆ ಕೊಡಲಿಲ್ಲ. ಗವರ್ನರ್ ಜನರಲ್‌ನ ಒಪ್ಪಿಗೆಯಿಲ್ಲದೆ ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ದುರಸ್ತಿ ಮಾಡುವಂತಿಲ್ಲ, ಹೊರಗಿನಿಂದ ಆಯುಧ ತರಿಸುವಂತಿಲ್ಲ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಸಿಪಾಯಿಗಳನ್ನು ಇಡುವಂತಿಲ್ಲ. ಬಸವಾಪಟ್ಟಣ, ಚನ್ನಗಿರಿಗಳ ಕೋಟೆಗಳು ಇಂದು ಪಾಳುಬಿದ್ದ ಸ್ಥಿತಿಯಲ್ಲಿ ಉಳಿದಿರುವುದಕ್ಕೆ ಮಳೆ ಗಾಳಿಗಳಷ್ಟೇ ಕಾರಣವಲ್ಲ.

19ನೇ ಶತಮಾನದ ಕೊನೆಯಲ್ಲಿ ಸಾಮ್ರಾಜ್ಯದ ಸೇವೆಗೆಂದೇ ಕಟ್ಟಿದ ಮೈಸೂರು ಲ್ಯಾನ್ಸರ್ಸ್ ದಳ 1914ರಲ್ಲಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಸವಾರರು ಊರಿಗೆ ನುಗ್ಗುವಾಗ, ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ಶತ್ರುವಿನ ತೋಪುಗಳ ಮೇಲೆ ಏರಿ ಹೋದವರು ಮೈಸೂರಿನವರು. ಬೆಟ್ಟದ ಕಡಿದಾದ ಹಾದಿಯಲ್ಲಿ ಕುದುರೆ ಹತ್ತಿಸಿದ ಆ ಸವಾರರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ದಳವನ್ನು ನಡೆಸಿದವರು ಸಂಸ್ಥಾನದ ಅಧಿಕಾರಿಗಳೇ, ಸಲಹೆಗೆ ಬ್ರಿಟಿಷ್ ವಿಶೇಷಾಧಿಕಾರಿಗಳು. ಯಾರ ಮೇಲೆ ಯುದ್ಧ, ಎಲ್ಲಿ, ಎಂದಿನವರೆಗೆ ಎಂಬುದನ್ನು ಗೊತ್ತುಮಾಡಿದ್ದು ಮಾತ್ರ ಲಂಡನ್ನು. ಸ್ವಾತಂತ್ರ್ಯದ ನಂತರ ಸಂಸ್ಥಾನದ ಪಡೆಗಳು ಭಾರತೀಯ ಸೈನ್ಯದಲ್ಲಿ ವಿಲೀನವಾದವು. ಮೈಸೂರು ಲ್ಯಾನ್ಸರ್ಸಿನ ಪರಂಪರೆ 1953ರಲ್ಲಿ ರಚನೆಯಾದ 61ನೇ ಅಶ್ವದಳಕ್ಕೆ ಸೇರಿತು.